ತಿದ್ದುವ ಅಧಿಕಾರ: ನಾಂಪಲ್ಲಿಯ ಶಾಸನಸಂಪುಟಗಳಿಂದ ಮುಕ್ತ ತಂತ್ರಾಂಶದವರೆಗೆ

1. ಪ್ರಸ್ತಾವನೆ

ಹೈದರಾಬಾದಿನ ನಾಂಪಲ್ಲಿ ಎಂದೊಡನೆ ಪ್ರಯಾಣಿಕರಿಗೆ ನೆನಪಾಗುವುದು ಅಲ್ಲಿನ ರೈಲು ನಿಲ್ದಾಣ. ಕನ್ನಡ ಸಂಶೋಧಕರು ನೆನೆಯಬೇಕಾದುದು ಅದಕ್ಕೆ ಸಮೀಪದಲ್ಲಿರುವ ಸಾರ್ವಜನಿಕ ಉದ್ಯಾನವನ್ನು, ಅಂದರೆ ಹಳೆಯ ಬಾಗ್-ಎ-ಆಮ್ ಅನ್ನು. ಆ ಉದ್ಯಾನದೊಳಗಿನ ವಸ್ತುಸಂಗ್ರಹಾಲಯವು ನಿಜಾಮ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಆಶ್ರಯದಲ್ಲಿ ಬೆಳೆದುಬಂದದ್ದು. 1914ರಲ್ಲಿ ಗುಲಾಂ ಯಜ್ದಾನಿಯವರ ನಿರ್ದೇಶನದಲ್ಲಿ ಕಾರ್ಯಾರಂಭ ಮಾಡಿದ ಈ ಇಲಾಖೆಯ ಗ್ರಂಥಮಾಲೆಯಲ್ಲಿ ಕನ್ನಡನಾಡಿಗೆ ನೇರವಾಗಿ ಸಂಬಂಧಿಸಿದ ಮೂರು ಪ್ರಕಟಣೆಗಳನ್ನಾದರೂ ಹೆಸರಿಸಬೇಕು: 1915ರಲ್ಲಿ ಹೊರಬಂದ ಎಚ್. ಕೃಷ್ಣಶಾಸ್ತ್ರಿಗಳ ಮಸ್ಕಿ ಅಶೋಕಶಾಸನದ ಆವೃತ್ತಿ, 1935ರಲ್ಲಿ ಬಂದ ಸಿ. ಆರ್. ಕೃಷ್ಣಮಾಚಾರ್ಲು ಅವರ ಕೊಪ್ಪಳದ ಕನ್ನಡ ಶಾಸನಗಳು, ಮತ್ತು 1958ರಲ್ಲಿ ಬಂದ ಪಿ. ಬಿ. ದೇಸಾಯಿಯವರ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಸಂಪುಟ. ಈ ಮೂರನೆಯದು ಪ್ರಕಟವಾಗುವ ಹೊತ್ತಿಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ಪುನರ್ವಿಂಗಡಣೆಯಂತೆ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷಗಳಾಗಿದ್ದವು. ಗ್ರಂಥದ ಹೆಸರಿನಲ್ಲಿದ್ದ ರಾಜ್ಯವೇ ಉಳಿದಿರಲಿಲ್ಲ. ಆದರೂ ಶಾಸನಗಳ ಕೆಲಸ ನಿಲ್ಲಲಿಲ್ಲ.

ಶಾಸನಶಾಸ್ತ್ರದ ಪ್ರಕಟಣೆಗಳಲ್ಲಿ ಒಂದು ಶಿಸ್ತು ಬಹುಕಾಲದಿಂದ ರೂಢಿಯಲ್ಲಿದೆ. ಸಂಪಾದಕನು ತನ್ನ ಓದನ್ನಷ್ಟೇ ಕೊಟ್ಟು ಸುಮ್ಮನಾಗುವುದಿಲ್ಲ; ಸಾಧ್ಯವಾದೆಡೆಯಲ್ಲೆಲ್ಲ ಶಾಸನದ ಪಡಿಯಚ್ಚಿನ ಚಿತ್ರವನ್ನೂ ಜೊತೆಗೆ ಅಚ್ಚು ಹಾಕಿಸುತ್ತಾನೆ. ಓದುಗನು ಚಿತ್ರವನ್ನು ನೋಡಿ, ಪಾಠವನ್ನು ಅದರೊಡನೆ ಹೋಲಿಸಿ, ಸಂಪಾದಕನು ತಪ್ಪಿದಲ್ಲಿ ತಿದ್ದಬಲ್ಲನು. ಹೀಗೆ ಆಕರವನ್ನು ಓದುಗನ ಕೈಗೆ ಕೊಡುವುದೆಂದರೆ ತಿದ್ದುವ ಅಧಿಕಾರವನ್ನೂ ಅವನಿಗೆ ಕೊಟ್ಟಂತೆ. ಕನ್ನಡ ಬರವಣಿಗೆ ಕಲ್ಲು, ತಾಳೆಗರಿ, ಅಚ್ಚುಮೊಳೆಗಳನ್ನು ದಾಟಿ ಗಣಕಯಂತ್ರವನ್ನು ಸೇರಿದ ಮೇಲೆ ಈ ಅಧಿಕಾರಕ್ಕೆ ಏನಾಯಿತು? ಗಣಕದಲ್ಲಿ ಕನ್ನಡ ಕೆಟ್ಟಾಗ ಅದನ್ನು ತಿದ್ದುವವರು ಯಾರು? ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಚಾರಿತ್ರಿಕವಾಗಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

2. ತಿದ್ದುಪಡಿಯ ಪರಂಪರೆ

ಮಸ್ಕಿಯ ಉದಾಹರಣೆ ಇಲ್ಲಿ ಉಪಯುಕ್ತವಾಗಿದೆ. 1837ರ ಸುಮಾರಿಗೆ ಬ್ರಾಹ್ಮೀಲಿಪಿಯನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಅವರು ಶಾಸನಗಳ 'ಪಿಯದಸಿ' ಸಿಂಹಳದ ಅರಸನಿರಬಹುದೆಂದು ಮೊದಲು ಭಾವಿಸಿದ್ದರು. ಸಿಂಹಳದ ಪಾಲಿ ಗ್ರಂಥಗಳನ್ನು ಬಲ್ಲ ಜಾರ್ಜ್ ಟರ್ನರ್ ಅವರು ಅವನು ಅಶೋಕನೇ ಎಂದು ತೋರಿಸಿದರು. 1915ರಲ್ಲಿ ನಿಜಾಮ ಸಂಸ್ಥಾನದ ಚಿನ್ನದ ಗಣಿಯ ಅಭಿಯಂತರರಾಗಿದ್ದ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರೇ ದೊರೆತು, ಆ ತಿದ್ದುಪಡಿಗೆ ಕಲ್ಲಿನ ಸಾಕ್ಷ್ಯ ಒದಗಿತು. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದ ಅದೇ ಶಾಸನವನ್ನು ಹುಲ್ಟ್‌ಜ್ ಅವರು 1925ರ ತಮ್ಮ ಅಶೋಕಶಾಸನ ಸಂಪುಟದಲ್ಲಿ ಮತ್ತೆ ಸಂಪಾದಿಸಿದರು. ಒಬ್ಬರು ಲಿಪಿಜ್ಞರು, ಒಬ್ಬರು ಪಾಲಿ ಬಲ್ಲವರು, ಒಬ್ಬರು ಗಣಿಯ ಅಭಿಯಂತರರು. ಇಲ್ಲಿ ತಿದ್ದುಪಡಿಯು ಯಾವುದೊಂದು ಕಛೇರಿಯ ಅಪ್ಪಣೆಗೆ ಕಾಯಲಿಲ್ಲ ಎಂಬುದು ಗಮನಾರ್ಹ.

ಕನ್ನಡದ ಹಸ್ತಪ್ರತಿ ಪರಂಪರೆಯೂ ಇದಕ್ಕೆ ಹೊರತಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಕವಿಗಳೂ ಲಿಪಿಕಾರರೂ ಕೇಳಿಕೊಳ್ಳುವ ವಾಡಿಕೆ ಎಲ್ಲರಿಗೂ ತಿಳಿದದ್ದೇ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' (1964) ಈ ತಿದ್ದುವಿಕೆಗೆ ಶಾಸ್ತ್ರದ ಕಟ್ಟುಪಾಡನ್ನು ಒದಗಿಸಿತು. ಸಂಪಾದಕನು ಮನಬಂದಂತೆ ತಿದ್ದತಕ್ಕದ್ದಲ್ಲ. ಯಾವ ಪ್ರತಿಯಲ್ಲಿ ಏನಿತ್ತು, ಯಾವುದನ್ನು ಏಕೆ ಸ್ವೀಕರಿಸಲಾಯಿತು ಎಂಬುದನ್ನು ಅಡಿಯಲ್ಲಿ ಕಾಣಿಸಬೇಕು. ತಿದ್ದುವ ಸ್ವಾತಂತ್ರ್ಯ ಮತ್ತು ತಿದ್ದಿದ್ದನ್ನು ದಾಖಲಿಸುವ ಹೊಣೆ, ಇವೆರಡೂ ಕೂಡಿಯೇ ಇರುತ್ತವೆ.

3. ಗಣಕದ ಕನ್ನಡ: ಮುಚ್ಚಿದ ಪೆಟ್ಟಿಗೆ

ಕನ್ನಡವು ಗಣಕವನ್ನು ಪ್ರವೇಶಿಸಿದ ದಶಕಗಳಲ್ಲಿ ಈ ಸ್ಥಿತಿ ಬದಲಾಯಿತು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ಜಿಸ್ಟ್ ತಂತ್ರಜ್ಞಾನ ಭಾರತೀಯ ಲಿಪಿಗಳನ್ನು ತೆರೆಯ ಮೇಲೆ ಮೂಡಿಸಿತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಇಸ್ಕೀ ಸಂಕೇತವನ್ನು ಮಾನಕವಾಗಿ ಪ್ರಕಟಿಸಿತು. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯೂ ಬಂದಿತು. ಆದರೆ ದಿನಬಳಕೆಯಲ್ಲಿ ಚಾಲ್ತಿಗೆ ಬಂದದ್ದು ಬೇರೆಯೇ ಪದ್ಧತಿ. ಪ್ರತಿ ತಯಾರಕನೂ ತನ್ನ ಫಾಂಟಿನಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಿಗೆ ತನಗೆ ತೋಚಿದಂತೆ ತುಂಬಿದನು. ಒಂದು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಲೇಖನ ಮತ್ತೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಮುದ್ರಣಾಲಯಕ್ಕೆ ಹಸ್ತಪ್ರತಿಯ ಜೊತೆಗೆ ಫಾಂಟನ್ನೂ ಕಳಿಸಬೇಕಾಗಿದ್ದ ಆ ಕಾಲವನ್ನು ಹಿರಿಯ ಓದುಗರು ಮರೆತಿರಲಾರರು.

ಈ ಗೊಂದಲದ ನಡುವೆ ಕೆಲವರ ಕೊಡುಗೆ ಪ್ರತ್ಯೇಕವಾಗಿ ನಿಲ್ಲುತ್ತದೆ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್ ಅವರು ಧ್ವನಿಗೆ ಅನುಸಾರವಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂಬ ತಂತ್ರಾಂಶವನ್ನು ಹೊರತಂದರು. ಆ ವಿನ್ಯಾಸದ ಮೇಲೆ ಅವರು ಒಡೆತನ ಸಾಧಿಸಲಿಲ್ಲ. ಕನ್ನಡ ಗಣಕ ಪರಿಷತ್ತಿನ ಮೂಲಕ ಅದು 'ಕಗಪ' ಎಂಬ ಹೆಸರು ಪಡೆಯಿತು. ಲಿನಕ್ಸ್ ವ್ಯವಸ್ಥೆಗಳ ಕೀಲಿಮಣೆ ಸಂಗ್ರಹದಲ್ಲಿ ಇಂದು ಕನ್ನಡಕ್ಕಷ್ಟೇ ಅಲ್ಲದೆ ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅದೇ ಹೆಸರಿನ ವಿನ್ಯಾಸಗಳಿವೆ. ಒಡೆಯನಿಲ್ಲದ ವಸ್ತು ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಇದು ನಿದರ್ಶನ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ 'ಬರಹ' ಸಾವಿರಾರು ಮನೆಗಳಲ್ಲಿ ಕನ್ನಡವನ್ನು ಗಣಕಕ್ಕೆ ತಂದಿತು.

ಆದರೆ ಇಲ್ಲಿ 'ಉಚಿತ' ಮತ್ತು 'ಮುಕ್ತ' ಎಂಬ ಎರಡು ಪದಗಳ ವ್ಯತ್ಯಾಸವನ್ನು ಸ್ಪಷ್ಟಪಡಿಸುವುದು ಅಗತ್ಯ. ಹಣ ತೆಗೆದುಕೊಳ್ಳದೆ ಕೊಟ್ಟದ್ದು ಉಚಿತ. ತಂತ್ರಾಂಶವನ್ನು ಬರೆದ ಮೂಲ ಪಠ್ಯವನ್ನು, ಅಂದರೆ ಆಕರ ಸಂಕೇತವನ್ನು, ಓದಲು, ತಿದ್ದಲು ಮತ್ತು ತಿದ್ದಿದ್ದನ್ನು ಹಂಚಲು ಅನುಮತಿಯೊಡನೆ ಕೊಟ್ಟದ್ದು ಮುಕ್ತ. ಆ ಕಾಲದ ಬಹುಪಾಲು ಕನ್ನಡ ತಂತ್ರಾಂಶಗಳಲ್ಲಿ, ಬೆಲೆಯುಳ್ಳವಾಗಲಿ ಉಚಿತವಾಗಲಿ, ಆಕರ ಸಂಕೇತ ಬಳಕೆದಾರನ ಕೈಗೆ ಬರುತ್ತಿರಲಿಲ್ಲ. ಒತ್ತಕ್ಷರವೊಂದು ತಪ್ಪಾಗಿ ಮೂಡಿದರೆ ತಯಾರಕನಿಗೆ ಪತ್ರ ಬರೆದು ಮುಂದಿನ ಆವೃತ್ತಿಗೆ ಕಾಯುವುದೊಂದೇ ದಾರಿ. ಶಾಸನದ ಪಡಿಯಚ್ಚನ್ನು ಬಚ್ಚಿಟ್ಟು ಓದನ್ನು ಮಾತ್ರ ಪ್ರಕಟಿಸಿದಂತೆ ಇದು.

ಇದು ಕನ್ನಡಕ್ಕೆ ಮಾತ್ರ ಒದಗಿದ ತೊಡಕಲ್ಲ. ಮುಕ್ತ ತಂತ್ರಾಂಶದ ಚಳವಳಿಯೇ ಇಂಥದೊಂದು ಕಿರುಕುಳದಿಂದ ಹುಟ್ಟಿತೆಂಬುದು ಪ್ರಸಿದ್ಧ. ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರು ಅಲ್ಲಿನ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆ ಸೂಚನೆ ಹೋಗುವಂತೆ ಅದರ ತಂತ್ರಾಂಶವನ್ನು ತಾವೇ ತಿದ್ದಿದ್ದರು. 1980ರ ಸುಮಾರಿಗೆ ಬಂದ ಹೊಸ ಯಂತ್ರಕ್ಕೆ ಆಕರ ಸಂಕೇತ ಇರಲಿಲ್ಲ. ಅದು ಇದ್ದ ಬೇರೊಂದು ವಿಶ್ವವಿದ್ಯಾಲಯದ ಸಂಶೋಧಕರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿರುವುದಾಗಿ ಅವರು ನಿರಾಕರಿಸಿದರು. ತಿದ್ದಬಲ್ಲವನಿಗೆ ತಿದ್ದಲು ಅವಕಾಶವಿಲ್ಲದ ಈ ಅನುಭವದ ಹಿನ್ನೆಲೆಯಲ್ಲಿ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಅದರ ಸಾರ್ವಜನಿಕ ಪರವಾನಗಿಯ ಮೊದಲ ಆವೃತ್ತಿ ಬಂದಿತು. 1991ರಲ್ಲಿ ಲಿನಕ್ಸ್ ಸೇರಿಕೊಂಡಿತು.

4. ಹೈದರಾಬಾದಿನ ಒಂದು ಪ್ರಯೋಗ

ಈ ವಿಚಾರ ಕನ್ನಡವನ್ನು ತಲುಪಿದ ಬಗೆಯಲ್ಲಿ ಹೈದರಾಬಾದಿಗೆ ಒಂದು ಪಾತ್ರವಿದೆ. 1974ರಲ್ಲಿ ಸ್ಥಾಪಿತವಾದ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಮೊದಲ ನೆಲೆ ನಾಂಪಲ್ಲಿ ಸ್ಟೇಷನ್ ರಸ್ತೆಯ 'ಗೋಲ್ಡನ್ ಥ್ರೆಶೋಲ್ಡ್', ಸರೋಜಿನಿ ನಾಯ್ಡು ಅವರ ಮನೆ. ಮುಂದೆ ಊರ ಹೊರಗಿನ ಗಚ್ಚಿಬೌಲಿಗೆ ಸ್ಥಳಾಂತರಗೊಂಡ ಈ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ 'ಅನುಸಾರಕ' ಎಂಬ ಯೋಜನೆ ನಡೆಯಿತು. ಐಐಟಿ ಕಾನ್ಪುರದಲ್ಲಿ ಆರಂಭವಾಗಿದ್ದ ಈ ಕೆಲಸವನ್ನು ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮೊದಲಾದವರು 'ಅಕ್ಷರ ಭಾರತಿ' ಎಂಬ ಸಮೂಹನಾಮದಿಂದ ಮುಂದುವರಿಸಿದರು. ಕನ್ನಡ, ತೆಲುಗು, ಮರಾಠಿ, ಬಂಗಾಳಿ, ಪಂಜಾಬಿ ಪಠ್ಯಗಳನ್ನು ಹಿಂದಿ ಓದುಗರಿಗೆ ತಲುಪಿಸುವುದು ಅದರ ಗುರಿ.

ಅನುಸಾರಕವು ಸುಂದರ ಅನುವಾದದ ಭರವಸೆ ಕೊಡಲಿಲ್ಲ. ಮೂಲದ ರಚನೆಗೆ ಹತ್ತಿರವಾದ, ಸ್ವಲ್ಪ ಒರಟಾದ ಹಿಂದಿಯನ್ನು ಓದುಗನ ಮುಂದಿಟ್ಟು, ಉಳಿದ ಗ್ರಹಿಕೆಯನ್ನು ಅವನಿಗೆ ಬಿಟ್ಟಿತು. ಯಂತ್ರ ತನ್ನ ಸಂದೇಹವನ್ನು ಮರೆಮಾಚದೆ ತೋರಿಸಬೇಕೆಂಬುದು ಅದರ ನಿಲುವು. ಈ ತಂತ್ರಾಂಶವನ್ನು ಗ್ನೂ ಸಾರ್ವಜನಿಕ ಪರವಾನಗಿಯಡಿ ಬಿಡುಗಡೆ ಮಾಡಿದ್ದು ನಮ್ಮ ವಿಷಯಕ್ಕೆ ಮುಖ್ಯ. ನಿಘಂಟಿನ ಪದವೊಂದು ತಪ್ಪಿದ್ದರೆ, ವಿಭಕ್ತಿಪ್ರತ್ಯಯದ ನಿಯಮವೊಂದು ಬಿಟ್ಟುಹೋಗಿದ್ದರೆ, ಬಲ್ಲವರು ತೆರೆದು ತಿದ್ದಬಹುದಿತ್ತು. ಇದೇ ನಗರದಲ್ಲಿ 2005ರಲ್ಲಿ ಆರಂಭವಾದ 'ಸ್ವೇಚ್ಛಾ' ಸಂಘಟನೆ ತೆಲುಗಿಗಾಗಿ ಮುಕ್ತ ತಂತ್ರಾಂಶದ ಕೆಲಸವನ್ನು ವಿದ್ಯಾರ್ಥಿಗಳ ನಡುವೆ ಕೊಂಡೊಯ್ದಿತು.

5. ಒಂದು ರಕಾರದ ಕಥೆ

ದೋಷವನ್ನು ತಾವೇ ತಿದ್ದುವುದೆಂದರೇನು ಎಂಬುದನ್ನು ಒಂದು ಸಣ್ಣ ಉದಾಹರಣೆಯಿಂದ ವಿವರಿಸಬಹುದು. ಕನ್ನಡದಲ್ಲಿ ರಕಾರದ ಮುಂದೆ ಯಕಾರ ಬಂದಾಗ ಬರೆಯುವ ರೀತಿ ಎರಡು. 'ಸೂರ್ಯ' ಎಂಬಲ್ಲಿ ಅರ್ಕಾವತ್ತು ಬರುತ್ತದೆ. 'ರ‍್ಯಾಂಕ್' ಎಂಬಲ್ಲಿ ರಕಾರ ಪೂರ್ಣವಾಗಿ ನಿಂತು ಯಕಾರ ಒತ್ತಾಗುತ್ತದೆ. ಯೂನಿಕೋಡ್ ಸಂಕೇತದಲ್ಲಿ ರ, ಹಲಂತ, ಯ ಎಂಬ ಕ್ರಮ ಅರ್ಕಾವತ್ತನ್ನು ಕೊಡುತ್ತದೆ. ಎರಡನೆಯ ರೂಪ ಬೇಕಾದರೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ನಡುವೆ ಇಡಬೇಕು. ಎಲ್ಲಿ ಇಡಬೇಕು? ಹಲಂತಕ್ಕೆ ಮೊದಲು ಎಂಬುದು ಈಗಿನ ಮಾನಕದ ಉತ್ತರ. ಆದರೆ ಹಲಂತದ ಬಳಿಕ ಇಡುವ ಕ್ರಮವೂ ಹಿಂದೆ ಬಳಕೆಯಲ್ಲಿದ್ದು, ಹಾಗೆ ಬೆರಳಚ್ಚಾದ ಪಠ್ಯ ಹೇರಳವಾಗಿ ಉಳಿದಿತ್ತು. ಅಂಥ ಪಠ್ಯ ಹೊಸ ವ್ಯವಸ್ಥೆಗಳಲ್ಲಿ ಉದ್ದೇಶಿತ ರೂಪದಲ್ಲಿ ಕಾಣುತ್ತಿರಲಿಲ್ಲ.

ಸಂಕೇತಗಳ ಸಾಲನ್ನು ಅಕ್ಷರರೂಪಕ್ಕೆ ಜೋಡಿಸುವ ಕೆಲಸವನ್ನು ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ನಿರ್ವಹಿಸುವುದು 'ಹರ್ಫ್‌ಬಜ್' ಎಂಬ ಮುಕ್ತ ತಂತ್ರಾಂಶ. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಇದರ ಪ್ರಧಾನ ಕರ್ತೃ. ಹೆಸರು ಫಾರಸಿಯದು: ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಉರ್ದು ಬಲ್ಲ ನಾಂಪಲ್ಲಿಯ ಯಾವ ಅಂಗಡಿಕಾರನಿಗೂ ಇದರ ಮೊದಲ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ. 2010ರ ದಶಕದಲ್ಲಿ ಕನ್ನಡದ ಈ ರಕಾರದ ದೋಷವು ಆ ಯೋಜನೆಯ ಬಹಿರಂಗ ದೋಷಪಟ್ಟಿಯಲ್ಲಿ ದಾಖಲಾಯಿತು. ಪರಿಹಾರವಾಗಿ ಸೇರಿದ್ದು ಕೆಲವೇ ಸಾಲುಗಳು: ಕನ್ನಡ ರಕಾರದ ಬಳಿಕ ಹಲಂತ, ಜೋಡಕ ಎಂಬ ಹಳೆಯ ಕ್ರಮ ಬಂದರೆ ಅವೆರಡನ್ನೂ ಸ್ಥಾನಪಲ್ಲಟ ಮಾಡಿ ಓದಿಕೊಳ್ಳಬೇಕು. ಆ ಸಾಲುಗಳ ಮೇಲೆ, ಹಳೆಯ ಕನ್ನಡ ಬಳಕೆಯೊಡನೆ ಹೊಂದಿಕೆಗಾಗಿ ಹೀಗೆ ಮಾಡಿದೆ ಎಂಬ ವಿವರಣೆಯೂ ದೋಷಪಟ್ಟಿಯ ಕ್ರಮಸಂಖ್ಯೆಯೂ ಇವೆ. ನರಸಿಂಹಾಚಾರ್ಯರು ಬಯಸಿದ ಅಡಿಟಿಪ್ಪಣಿಯ ಶಿಸ್ತು ಇದೇ ಅಲ್ಲವೆ? ಒಂದೆಡೆ ಸೇರಿದ ಆ ತಿದ್ದುಪಡಿ ಅದನ್ನು ಆಧರಿಸಿದ ತಂತ್ರಾಂಶಗಳಿಗೆಲ್ಲ ಹರಿಯಿತು.

ಫಾಂಟುಗಳ ಚರಿತ್ರೆಯಲ್ಲಿಯೂ ಇದೇ ಮಾದರಿ ಕಾಣುತ್ತದೆ. ಫಾಂಟ್ ಎಂದರೆ ಅಕ್ಷರಚಿತ್ರಗಳ ಗುಚ್ಛ ಮಾತ್ರವಲ್ಲ. ಯಾವ ವ್ಯಂಜನಕ್ಕೆ ಯಾವ ಒತ್ತು, ಯಾವ ಗುಣಿತದಲ್ಲಿ ತಲೆಕಟ್ಟು ಹೇಗೆ ಬದಲಾಗಬೇಕು ಎಂಬ ನಿಯಮಗಳ ಪಟ್ಟಿಯೂ ಅದರೊಳಗಿರುತ್ತದೆ. ನಿಯಮ ತಪ್ಪಿದರೆ ಅಕ್ಷರ ಒಡೆಯುತ್ತದೆ. ರೆಡ್‌ಹ್ಯಾಟ್ ಸಂಸ್ಥೆ 2004ರಿಂದ ಬಿಡುಗಡೆ ಮಾಡತೊಡಗಿದ 'ಲೋಹಿತ್' ಮಾಲೆಗೆ ಮುಂದೆ ಕನ್ನಡವೂ ಸೇರಿತು. ಅರವಿಂದ ವಿ. ಕೆ. ಅವರ 'ಗುಬ್ಬಿ' ಮತ್ತು 'ನವಿಲು' ಕನ್ನಡಿಗರೇ ರೂಪಿಸಿ ಮುಕ್ತವಾಗಿ ಬಿಟ್ಟ ಫಾಂಟುಗಳು. ಡೆಬಿಯನ್ ಸಂಗ್ರಹದಲ್ಲಿ ಅವು ಎಲ್ಲರಿಗೂ ದೊರೆಯುತ್ತವೆ. ಇವುಗಳಲ್ಲಿ ಒತ್ತಕ್ಷರವೊಂದು ಕೆಟ್ಟಿದ್ದರೆ ನಿಯಮವನ್ನು ತೆರೆದು ನೋಡಬಹುದು, ತಿದ್ದಬಹುದು, ತಿದ್ದಿದ ಪ್ರತಿಯನ್ನು ಹಂಚಬಹುದು.

ಇದಕ್ಕೆ ಪ್ರತಿಯಾದ ಸ್ಥಿತಿಯನ್ನು ತೆಲುಗು ಕಂಡಿತು. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಎಂಬ ಅಕ್ಷರವನ್ನು ಒಂದು ನಿರ್ದಿಷ್ಟ ಸಂಕೇತಕ್ರಮದಲ್ಲಿ ಕಳಿಸಿದರೆ ಐಫೋನಿನ ಸಂದೇಶ ತಂತ್ರಾಂಶಗಳು ಕುಸಿದುಬೀಳುತ್ತಿದ್ದವು. ಹೈದರಾಬಾದಿನಲ್ಲಿ ತೆಲುಗು ಲಿಪಿಯನ್ನೂ ಗಣಕವನ್ನೂ ಚೆನ್ನಾಗಿ ಬಲ್ಲವರಿಗೆ ಕೊರತೆಯಿರಲಿಲ್ಲ. ಆದರೆ ಆ ಅಕ್ಷರಜೋಡಣೆಯ ಸಂಕೇತ ಅವರ ಕೈಯಲ್ಲಿರಲಿಲ್ಲ. ಆಪಲ್ ಸಂಸ್ಥೆ ಅದೇ ತಿಂಗಳಲ್ಲಿ ದೋಷವನ್ನು ಸರಿಪಡಿಸಿತೆಂಬುದನ್ನು ಒಪ್ಪಲೇಬೇಕು. ಯಂತ್ರವನ್ನೇ ಕೆಡಹುವ ದೋಷಕ್ಕೆ ಜಗತ್ತು ಗಮನ ಕೊಡುತ್ತದೆ. ಒಂದು ಒತ್ತು ಸ್ವಲ್ಪ ಜಾರಿದರೆ, ಒಂದು ಹಳಗನ್ನಡ ಅಕ್ಷರ ಮೂಡದಿದ್ದರೆ ಗಮನಿಸುವವರು ಯಾರು? ಕನ್ನಡದ ದೋಷಗಳು ಬಹುಪಾಲು ಈ ಎರಡನೆಯ ವರ್ಗದವು.

6. ೞಕಾರದ ಪಾಠ

ತಡವಾಗಿ ಬಂದ ತಿದ್ದುಪಡಿ ಎಷ್ಟರಮಟ್ಟಿಗೆ ಫಲಿಸೀತು ಎಂಬುದಕ್ಕೆ ೞಕಾರ ಉತ್ತಮ ಸಾಕ್ಷಿ. ಪೞಗನ್ನಡದ ಈ ಅಕ್ಷರವು ಕ್ರಮೇಣ ಳಕಾರದಲ್ಲಿ ಲೀನವಾಯಿತು. 'ಏೞು' ಎಂಬುದು 'ಏಳು' ಆಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಇದನ್ನು ಬಳಸಬೇಕಾದ ಪದಗಳನ್ನು ಗುರುತಿಸಿಕೊಟ್ಟನು. ಯೂನಿಕೋಡ್‌ನಲ್ಲಿ ಈ ಅಕ್ಷರಕ್ಕೆ ಸ್ಥಾನ ದೊರೆತಾಗ ಅದರ ಅಧಿಕೃತ ಹೆಸರು ತಪ್ಪಾಗಿ, ರೋಮನ್ ಲಿಪಿಯ ಎಫ್ ಮತ್ತು ಎ ಸೇರಿದ 'ಫಾ' ಎಂದು ದಾಖಲಾಯಿತು. ಕನ್ನಡ ಬಲ್ಲ ಯಾರಿಗಾದರೂ ಇದು ಪ್ರಮಾದವೆಂದು ಕೂಡಲೇ ತೋರುತ್ತದೆ.

ಆದರೆ ಯೂನಿಕೋಡ್‌ನ ಸ್ಥಿರತೆಯ ನೀತಿಯಂತೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ. ಆ ಹೆಸರನ್ನು ಅವಲಂಬಿಸಿದ ತಂತ್ರಾಂಶಗಳು ಕೆಡಬಾರದೆಂಬುದು ಅದರ ಕಾರಣ. ಹೀಗಾಗಿ ಸರಿಯಾದ ಹೆಸರನ್ನು ತಿದ್ದುಪಡಿಯ ಉಪನಾಮವಾಗಿ ಪಕ್ಕದಲ್ಲಿ ಸೇರಿಸಲಾಯಿತು. ತಪ್ಪು ಪಾಠ ಮೂಲದಲ್ಲಿಯೇ ಉಳಿದು, ಸರಿಯಾದದ್ದು ಟಿಪ್ಪಣಿಯಾಯಿತು. ಅಕ್ಷರದ ರೂಪಕ್ಕೆ ಇದರಿಂದ ಕುಂದಿಲ್ಲವೆಂಬುದು ನಿಜ. ಆದರೆ ಕನ್ನಡದ ಒಂದು ಪ್ರಾಚೀನ ಅಕ್ಷರ ಜಗತ್ತಿನ ಗಣಕಗಳಲ್ಲೆಲ್ಲ ತಪ್ಪು ಹೆಸರಿನಿಂದಲೇ ದಾಖಲಾಗಿರುತ್ತದೆ.

ಇದಕ್ಕೆ ಎದುರಾಗಿ, ಸಕಾಲದಲ್ಲಿ ಸಾಕ್ಷ್ಯ ಒದಗಿಸಿದರೆ ಹಳೆಯ ಲಿಪಿಚಿಹ್ನೆಗಳಿಗೂ ಸ್ಥಾನ ದೊರೆಯುತ್ತದೆ. ಪದಾಂತ್ಯದ ಸ್ವರರಹಿತ ನಕಾರವನ್ನು ಸೂಚಿಸಲು ಹಳೆಯ ಬರಹಗಳಲ್ಲಿ ಬಳಸುತ್ತಿದ್ದ 'ನಕಾರ ಪೊಲ್ಲು' ಎಂಬ ಚಿಹ್ನೆ 2021ರ ಯೂನಿಕೋಡ್ 14ನೆಯ ಆವೃತ್ತಿಯಲ್ಲಿ ಕನ್ನಡ ಮತ್ತು ತೆಲುಗು ಎರಡಕ್ಕೂ ಸೇರಿತು. ಇಂಥ ಪ್ರಸ್ತಾವಗಳಿಗೆ ಬೇಕಾಗುವುದು ಹಳೆಯ ಬರಹಗಳಿಂದ ತೆಗೆದ ಚಿತ್ರಸಹಿತ ಪ್ರಮಾಣ. ನಾಂಪಲ್ಲಿಯ ಗ್ರಂಥಮಾಲೆಯಂಥ ಪ್ರಕಟಣೆಗಳ ಪ್ರಯೋಜನ ಹೀಗೆ ಹೊಸ ಕ್ಷೇತ್ರಕ್ಕೂ ಚಾಚುತ್ತದೆ.

7. ಮಿತಿಗಳು ಮತ್ತು ಹೊಣೆ

ಮುಕ್ತ ತಂತ್ರಾಂಶವನ್ನು ಸರ್ವರೋಗಕ್ಕೆ ಮದ್ದೆಂದು ನಾವು ಹೇಳುತ್ತಿಲ್ಲ. ತಿದ್ದುವ ಅಧಿಕಾರ ಎಲ್ಲರಿಗೂ ಇದ್ದರೂ ಸಾಮರ್ಥ್ಯ ಎಲ್ಲರಿಗೂ ಇರುವುದಿಲ್ಲ. ಕಳಿಸಿದ ತಿದ್ದುಪಡಿಯನ್ನು ಯೋಜನೆಯ ಪಾಲಕರು ಪರಿಶೀಲಿಸುತ್ತಾರೆ, ಪ್ರಶ್ನಿಸುತ್ತಾರೆ, ಕೆಲವೊಮ್ಮೆ ತಿರಸ್ಕರಿಸುತ್ತಾರೆ.  ಕೆಲಸ ಬಹುಮಟ್ಟಿಗೆ ಕೆಲವರ ಬಿಡುವಿನ ವೇಳೆಯನ್ನೇ ನೆಚ್ಚಿಕೊಂಡಿದೆ; ಅವರು ಕೈಬಿಟ್ಟರೆ ತೆರೆದ ಆಕರವೂ ಧೂಳು ಹಿಡಿಯುತ್ತದೆ. ಪಡಿಯಚ್ಚು ಮುಂದಿದ್ದರೂ ಲಿಪಿ ಬಲ್ಲವನಿಲ್ಲದಿದ್ದರೆ ಶಾಸನ ಮೂಕವಾಗಿಯೇ ಉಳಿಯುವಂತೆ ಇದು.

ಆದರೆ ಒಂದು ಅಪನಂಬಿಕೆಯನ್ನು ಇಲ್ಲಿ ನಿವಾರಿಸಬೇಕಾಗಿದೆ. ಇದು ಅಭಿಯಂತರರ ಕೆಲಸ, ಭಾಷಾವಿಭಾಗಗಳಿಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮೇಲೆ ಕೊಟ್ಟ ರಕಾರದ ಪ್ರಸಂಗದಲ್ಲಿ ಸಂಕೇತ ಬರೆಯುವುದು ಕೊನೆಯ ಮತ್ತು ಸಣ್ಣ ಹಂತ. ಅದಕ್ಕೆ ಮೊದಲು ದೋಷ ಯಾವುದು, ಸರಿಯಾದ ರೂಪ ಯಾವುದು, ಎರಡು ರೂಪಗಳೂ ಬಳಕೆಯಲ್ಲಿದ್ದರೆ ಯಾವುದು ಎಲ್ಲಿ ಸಲ್ಲುತ್ತದೆ, ಹಳೆಯ ಪಠ್ಯ ಏಕೆ ಭಿನ್ನವಾಗಿದೆ ಎಂಬುದನ್ನು ಯಾರಾದರೂ ಖಚಿತವಾಗಿ ಬರೆದು ತೋರಿಸಬೇಕು. ಒಳ್ಳೆಯ ದೋಷವರದಿಯೆಂದರೆ ಇದೇ: ಯಾವ ಪದ ಕೆಡುತ್ತದೆ, ಹೇಗೆ ಕಾಣಬೇಕು, ಹೇಗೆ ಕಾಣುತ್ತಿದೆ, ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ, ಅದಕ್ಕೆ ಪ್ರಮಾಣವೇನು. ಪಾಠಾಂತರಗಳನ್ನು ನಿರ್ಣಯಿಸುವ ವಿದ್ಯಾರ್ಥಿಗೆ ಈ ವಿದ್ಯೆ ಹೊಸದಲ್ಲ.

ಆದುದರಿಂದ ಕನ್ನಡ ಅಧ್ಯಯನ ಪೀಠಗಳು ಮತ್ತು ವಿಭಾಗಗಳು ಗ್ರಂಥಸಂಪಾದನೆಯ ಅಭ್ಯಾಸದ ಅಂಗವಾಗಿ ಇಂಥ ದೋಷವರದಿಗಳನ್ನು ಸಿದ್ಧಪಡಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ. ಹಳಗನ್ನಡ ಪಠ್ಯಗಳನ್ನು ಗಣಕಕ್ಕೆ ಏರಿಸುವಾಗ ಎದುರಾಗುವ ಒಂದೊಂದು ತೊಡಕನ್ನೂ ಗೊಣಗಿ ಬಿಡದೆ ದಾಖಲಿಸಬೇಕು. ಮುಕ್ತ ಯೋಜನೆಗಳ ಬಹಿರಂಗ ಪಟ್ಟಿಗೆ ಕಳಿಸಬೇಕು. ಸಂಕೇತ ಬರೆಯಬಲ್ಲ ವಿದ್ಯಾರ್ಥಿಗಳು ಪಕ್ಕದ ವಿಭಾಗದಲ್ಲಿದ್ದರೆ ಅವರೊಡನೆ ಕುಳಿತು ತಿದ್ದುಪಡಿಯನ್ನೂ ಸಿದ್ಧಪಡಿಸಬೇಕು. ಮುಚ್ಚಿದ ತಂತ್ರಾಂಶದಲ್ಲಿ ನಮ್ಮ ಮಾತು ಅರ್ಜಿಯಾಗುತ್ತದೆ. ಮುಗಿದುಹೋದ ಮಾನಕದಲ್ಲಿ ಟಿಪ್ಪಣಿಯಾಗುತ್ತದೆ. ಮುಕ್ತ ತಂತ್ರಾಂಶದಲ್ಲಿ ಅದು ಪಾಠದ ಭಾಗವೇ ಆಗಬಲ್ಲದು. ೞಕಾರಕ್ಕೆ ಆ ಅವಕಾಶ ತಪ್ಪಿಹೋಯಿತು. ಗಣಕಕ್ಕೆ ಇನ್ನೂ ಏರಬೇಕಾಗಿರುವ ಶಾಸನಗಳ, ಹಸ್ತಪ್ರತಿಗಳ ಅಕ್ಷರಗಳಿಗೆ ಅದು ಇನ್ನೂ ಉಳಿದಿದೆ.